ಟೈಟಲ್ ಮೇಲೆ 'ಸಾಲ್ವೇಜ್' ಎಂದು ಬರೆದಿರುವ ಕಾರು: ಕೊಳ್ಳಬಹುದಾ?

ಹೋದ ಬೇಸಿಗೆಯ ಒಂದು ಶನಿವಾರ ಬೆಳಗ್ಗೆ ಹಾಸನದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಎಂಎಸ್ ಓದುತ್ತಿದ್ದಾನೆ. "ಅಣ್ಣಾ, ಒಂದು ಕಾರ್ ನೋಡಿದೀನಿ. 2018ರ ಕೊರೊಲಾ, 70 ಸಾವಿರ ಮೈಲಿ ಓಡಿದೆ. ಬೇರೆ ಕಡೆ ಎಲ್ಲಾ 13 ಸಾವಿರ ಡಾಲರ್ ಹೇಳ್ತಾರೆ, ಇವರು ಎಂಟೂವರೆಗೆ ಕೊಡ್ತಾರಂತೆ. ಆದ್ರೆ ಟೈಟಲ್‌ನಲ್ಲಿ ಏನೋ ರೀಬಿಲ್ಟ್ ಸಾಲ್ವೇಜ್ ಅಂತ ಇದೆಯಂತೆ. ತಗೋಬಹುದಾ?"

ಈ ಪ್ರಶ್ನೆ ನನಗೆ ವರ್ಷಕ್ಕೆ ಮೂರು ನಾಲ್ಕು ಸಲ ಬರುತ್ತದೆ. ಊರಿಂದ ಹೊಸದಾಗಿ ಅಮೆರಿಕಕ್ಕೆ ಬಂದವರಿಗೆ, ಅದರಲ್ಲೂ ಟೆಕ್ಸಾಸ್‌ನಂಥ ಜಾಗದಲ್ಲಿ, ಕಾರಿಲ್ಲದೆ ಬದುಕು ಸಾಗುವುದಿಲ್ಲ. ಹಾಲು ತರಬೇಕೆಂದರೂ ಕಾರು ಬೇಕು. ಕೈಯಲ್ಲಿ ದುಡ್ಡು ಕಮ್ಮಿ, ಬ್ಯಾಂಕಿನವರು ನಂಬುವಷ್ಟು ಸಾಲದ ಚರಿತ್ರೆಯೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಮೂರನೇ ಒಂದು ಪಾಲು ಕಡಿಮೆ ಬೆಲೆಗೆ ಫಳಫಳ ಹೊಳೆಯುವ ಕಾರು ಕಂಡರೆ ಮನಸ್ಸು ಎಳೆಯುವುದು ಸಹಜ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನು, ಆಮೇಲೆ ಅವನ ಜೊತೆ ಹೋಗಿ ನೋಡಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಟೈಟಲ್ ಅಂದರೇನು ಅಂತ ತಿಳಿಯಬೇಕು. ನಮ್ಮೂರಲ್ಲಿ ಆರ್‌ಸಿ ಒಂದೇ ಎಲ್ಲಕ್ಕೂ ಆಗುತ್ತದೆ. ಇಲ್ಲಿ ಎರಡು ಕಾಗದ. ರಸ್ತೆಗೆ ಇಳಿಸಲು ರಿಜಿಸ್ಟ್ರೇಷನ್ ಬೇರೆ, ಈ ಕಾರು ನನ್ನದು ಎಂದು ಹೇಳುವ ಟೈಟಲ್ ಬೇರೆ. ಟೈಟಲ್ ಕೊಡುವುದು ರಾಜ್ಯ ಸರ್ಕಾರ. ಮನೆಯ ಕ್ರಯಪತ್ರ ಇದ್ದ ಹಾಗೆ ಅಂದುಕೊಳ್ಳಿ. ಕಾರಿಗೆ ದೊಡ್ಡ ಪೆಟ್ಟು ಬಿದ್ದು ಇನ್ಶೂರೆನ್ಸ್ ಕಂಪನಿ "ಇದನ್ನು ರಿಪೇರಿ ಮಾಡಿಸುವುದು ದಂಡ" ಎಂದು ತೀರ್ಮಾನಿಸಿದರೆ ಅದು ಟೋಟಲ್ ಲಾಸ್. ಕಂಪನಿಯು ಕಾರಿನ ಮಾಲೀಕರಿಗೆ ಅದರ ಬೆಲೆ ಕೊಟ್ಟು ಕಾರನ್ನು ತಾನು ತೆಗೆದುಕೊಳ್ಳುತ್ತದೆ. ಹಳೆಯ ಟೈಟಲ್ ಹೋಗಿ ಅದರ ಜಾಗಕ್ಕೆ ಸಾಲ್ವೇಜ್ ಟೈಟಲ್ ಬರುತ್ತದೆ. ಒಂದು ರೀತಿಯಲ್ಲಿ ಗುಜರಿಯ ಮುದ್ರೆ.

ಆದರೆ ಈ ಮುದ್ರೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದರಲ್ಲೇ ಎಲ್ಲ ಇದೆ. ಯಾರೋ ಒಬ್ಬರು ಲೆಕ್ಕ ಹಾಕಿದರು ಎಂದಷ್ಟೇ ಅದು ಹೇಳುತ್ತದೆ. ಕಾರಿಗೆ ಏನಾಯಿತು ಅಂತ ಹೇಳುವುದಿಲ್ಲ.

ಆ ಲೆಕ್ಕವನ್ನೇ ನೋಡೋಣ. ಒಂದು ಕಾರಿನ ಇವತ್ತಿನ ಮಾರುಕಟ್ಟೆ ಬೆಲೆ 16,000 ಡಾಲರ್. ಅಪಘಾತ ಆಯಿತು. ರಿಪೇರಿಗೆ 11,000 ಬೇಕು. ಹಾಗೇ ಜಜ್ಜಿದ ಸ್ಥಿತಿಯಲ್ಲಿ ಹರಾಜು ಹಾಕಿದರೆ 5,500 ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಂಪನಿಗಳು ರಿಪೇರಿ ಖರ್ಚಿಗೆ ಗುಜರಿ ಬೆಲೆ ಕೂಡಿಸಿ ನೋಡುತ್ತವೆ. 16,500 ಆಯಿತು, ಕಾರಿನ ಬೆಲೆಗಿಂತ ಜಾಸ್ತಿ. ಹಾಗಾಗಿ ಟೋಟಲ್ ಲಾಸ್. ಒಕ್ಲಹೋಮಾದಲ್ಲಿ ರಿಪೇರಿ ಖರ್ಚು ಬೆಲೆಯ ಶೇ. 60 ದಾಟಿದರೆ ಸಾಲ್ವೇಜ್. 16,000ಕ್ಕೆ ಶೇ. 60 ಅಂದರೆ 9,600. ಅಲ್ಲೂ ಸಾಲ್ವೇಜ್. ಒಕ್ಲಹೋಮಾದ ಗಡಿ ದಾಟಿ ಈಚೆ ಬಂದರೆ ಟೆಕ್ಸಾಸ್. ಇಲ್ಲಿ ರಿಪೇರಿ ಖರ್ಚು ಕಾರಿನ ಪೂರ್ತಿ ಬೆಲೆಯನ್ನೇ ಮೀರಬೇಕು, ಅಂದರೆ ಶೇ. 100. ಅದೇ ಕಾರು, ಅದೇ ಪೆಟ್ಟು, ಆದರೆ ಇಲ್ಲಿ ಸಾಲ್ವೇಜ್ ಆಗಲೇಬೇಕು ಎಂಬ ಕಾನೂನು ಇಲ್ಲ.

ಈ ಲೆಕ್ಕದಿಂದ ಕೊಳ್ಳುವವರಿಗೆ ಎರಡು ವಿಷಯ ಗೊತ್ತಾಗುತ್ತವೆ. ಒಂದು, ಹಳೆಯ ಅಗ್ಗದ ಕಾರು ಸಣ್ಣ ಪೆಟ್ಟಿಗೂ ಟೋಟಲ್ ಆಗಿಬಿಡುತ್ತದೆ. ನಾಲ್ಕು ಸಾವಿರ ಡಾಲರಿನ ಕಾರಿಗೆ ಬಂಪರ್, ಬಾನೆಟ್, ಎರಡು ಹೆಡ್‌ಲೈಟ್ ಹೋದರೆ ಸಾಕು, ಅಮೆರಿಕದ ಕೂಲಿ ದರದಲ್ಲಿ ಅಷ್ಟಕ್ಕೇ ಮುಗಿಯಿತು. ಹೊಸ ಕಾರಿನ ಕಥೆ ಹಾಗಲ್ಲ. 35 ಸಾವಿರ ಡಾಲರಿನ ಎರಡು ವರ್ಷದ ಕಾರು ಸಾಲ್ವೇಜ್ ಆಗಿದೆ ಎಂದರೆ ಪೆಟ್ಟು ಒಳಗಿನವರೆಗೂ ಹೋಗಿರುವ ಸಾಧ್ಯತೆಯೇ ಹೆಚ್ಚು. ನಮ್ಮವರು ಬಹಳ ಜನ ಇದನ್ನು ತಿರುಗುಮುರುಗಾಗಿ ಯೋಚಿಸುತ್ತಾರೆ. "ಹೊಸ ಕಾರಲ್ವಾ, ಹಾಗಾದ್ರೆ ಚೆನ್ನಾಗೇ ಇರುತ್ತೆ" ಅನ್ನುತ್ತಾರೆ. ಸಾಲ್ವೇಜ್ ಕಾರು ಹೊಸದಾದಷ್ಟೂ ಜಾಸ್ತಿ ಅನುಮಾನ ಪಡಬೇಕು.

ಎರಡನೆಯದು, ಟೈಟಲ್ ಕ್ಲೀನ್ ಇದ್ದ ಮಾತ್ರಕ್ಕೆ ಕಾರು ಕ್ಲೀನ್ ಅಂತಲ್ಲ. ಮಾಲೀಕರ ಹತ್ತಿರ ತಮ್ಮ ಕಾರಿಗೆ ಇನ್ಶೂರೆನ್ಸೇ ಇರದಿದ್ದರೆ ಕ್ಲೇಮೂ ಇಲ್ಲ, ಟೋಟಲ್ ಲಾಸೂ ಇಲ್ಲ, ಮುದ್ರೆಯೂ ಇಲ್ಲ. ಎಲ್ಲೋ ಟಿಂಕರಿಂಗ್ ಮಾಡಿಸಿ ಮಾರಿಬಿಡುತ್ತಾರೆ.

ಸಾಲ್ವೇಜ್ ಟೈಟಲ್ ಇರುವ ಕಾರನ್ನು ರಸ್ತೆಯ ಮೇಲೆ ಓಡಿಸುವ ಹಾಗಿಲ್ಲ. ಇನ್ಶೂರೆನ್ಸ್ ಕಂಪನಿಗಳು ಅವನ್ನು ಕೋಪಾರ್ಟ್, ಐಎಎ ಥರದ ಹರಾಜು ಕಂಪನಿಗಳ ಮೂಲಕ ಮಾರುತ್ತವೆ. ಕೊಂಡವರು ಬಿಡಿಭಾಗಕ್ಕೆ ಬಿಚ್ಚುತ್ತಾರೆ, ಇಲ್ಲವೇ ರಿಪೇರಿ ಮಾಡುತ್ತಾರೆ. ರಿಪೇರಿ ಆದಮೇಲೆ ರಾಜ್ಯದ ಕಚೇರಿಗೆ ಅರ್ಜಿ ಹಾಕಿದರೆ 'ರೀಬಿಲ್ಟ್' ಟೈಟಲ್ ಸಿಗುತ್ತದೆ. ಕೆಲವು ರಾಜ್ಯಗಳಲ್ಲಿ ಹೆಸರು ಬೇರೆ, ಕ್ಯಾಲಿಫೋರ್ನಿಯಾದಲ್ಲಿ ರಿವೈವ್ಡ್ ಸಾಲ್ವೇಜ್ ಅನ್ನುತ್ತಾರೆ. ಹಾಗಾಗಿ ಮಾರುವವರು "ಸಾಲ್ವೇಜ್ ಕಾರು" ಅಂದರೆ ಮೊದಲು ಕೇಳಬೇಕಾದದ್ದು, ಇನ್ನೂ ಸಾಲ್ವೇಜೋ, ರೀಬಿಲ್ಟ್ ಆಗಿದೆಯೋ ಎಂದು. ಇನ್ನೂ ಸಾಲ್ವೇಜ್ ಆಗಿದ್ದರೆ ರಿಪೇರಿ, ಅರ್ಜಿ, ಓಡಾಟ ಎಲ್ಲ ನಿಮ್ಮ ತಲೆಗೇ ಬರುತ್ತದೆ. ಗ್ಯಾರೇಜ್ ಕೆಲಸ ಗೊತ್ತಿಲ್ಲದವರು ಅದರ ತಂಟೆಗೇ ಹೋಗಬೇಡಿ. ಟೆಕ್ಸಾಸ್‌ನಲ್ಲಿ ನಾನ್‌ರಿಪೇರಬಲ್ ಅಂತ ಇನ್ನೊಂದು ಕಾಗದವಿದೆ. ಅದು ಸಿಕ್ಕ ಕಾರು ಮತ್ತೆ ರಸ್ತೆಗೆ ಬರುವಂತಿಲ್ಲ, ಬಿಡಿಭಾಗಕ್ಕೆ ಮಾತ್ರ.

"ಸರ್ಕಾರವೇ ರೀಬಿಲ್ಟ್ ಅಂತ ಕೊಟ್ಟಿದೆ, ಅಂದರೆ ಚೆಕ್ ಮಾಡಿಯೇ ಕೊಟ್ಟಿರ್ತಾರೆ" ಎಂದು ಆ ಹುಡುಗ ಹೇಳಿದ. ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ, ಇದೇ ದೊಡ್ಡ ತಪ್ಪು ತಿಳಿವಳಿಕೆ. ನ್ಯೂಯಾರ್ಕ್ ರಾಜ್ಯದಲ್ಲಿ ಸಾಲ್ವೇಜ್ ಕಾರನ್ನು ಅಧಿಕಾರಿಗಳು ನೋಡುತ್ತಾರೆ, ನಿಜ. ಆದರೆ ಅವರು ನೋಡುವುದು ಕದ್ದ ಬಿಡಿಭಾಗ ಹಾಕಿದ್ದಾರಾ ಎಂದು. ಬ್ರೇಕ್ ಹಿಡಿಯುತ್ತದಾ, ಏರ್‌ಬ್ಯಾಗ್ ಇದೆಯಾ ಅಂತ ನೋಡಲು ಆ ತಪಾಸಣೆ ಇಲ್ಲ. ಟೆಕ್ಸಾಸ್‌ನಲ್ಲಿ ರಿಪೇರಿ ಮಾಡಿದವರು ಏನೇನು ಬದಲಾಯಿಸಿದೆವು ಎಂದು ಒಂದು ಫಾರ್ಮ್‌ನಲ್ಲಿ ಬರೆದು ಸಹಿ ಹಾಕಿಕೊಡುತ್ತಾರೆ. ಅದಕ್ಕೆ ವಿಟಿಆರ್-61 ಅಂತ ಹೆಸರು. ಜೊತೆಗೆ 2025ರ ಜನವರಿಯಿಂದ ಟೆಕ್ಸಾಸ್‌ನಲ್ಲಿ ಖಾಸಗಿ ಕಾರುಗಳಿಗೆ ವರ್ಷ ವರ್ಷದ ಸುರಕ್ಷಾ ತಪಾಸಣೆಯನ್ನೇ ತೆಗೆದುಹಾಕಿದ್ದಾರೆ. ದೊಡ್ಡ ಊರುಗಳ ಸುತ್ತಮುತ್ತ ಹೊಗೆ ಪರೀಕ್ಷೆ ಮಾತ್ರ ಉಳಿದಿದೆ. ಹೀಗಿರುವಾಗ ರೀಬಿಲ್ಟ್ ಅನ್ನುವ ಪದವನ್ನು ಸುರಕ್ಷತೆಯ ಸರ್ಟಿಫಿಕೇಟ್ ಎಂದು ಓದಬಾರದು.

ಹಾಗಾದರೆ ಕಾರಿಗೆ ಏನಾಗಿತ್ತು ಎಂಬುದೇ ನಿಜವಾದ ಪ್ರಶ್ನೆ. ಕಾರಣಗಳು ಮುಖ್ಯವಾಗಿ ನಾಲ್ಕು.

ಎರಡು ಕಾರಣ ಅಷ್ಟು ಭಯಪಡುವಂಥದ್ದಲ್ಲ. ಆಲಿಕಲ್ಲು ಒಂದು. ವಸಂತದಲ್ಲಿ ಟೆಕ್ಸಾಸ್, ಕೊಲರಾಡೊ ಕಡೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬೀಳುತ್ತದೆ. ಮೈತುಂಬಾ ಗುಳಿ ಬಿದ್ದ ಕಾರನ್ನು ಸರಿಮಾಡಲು ತಗಲುವ ಕೂಲಿಗೇ ಟೋಟಲ್ ಆಗಿಬಿಡಬಹುದು. ಎಂಜಿನ್‌ಗೆ, ಚೌಕಟ್ಟಿಗೆ ಏನೂ ಆಗಿರುವುದಿಲ್ಲ. ಪ್ಲೇನೋದಲ್ಲಿರುವ ಸ್ನೇಹಿತರೊಬ್ಬರು ಅಂಥ ಕ್ಯಾಮ್ರಿಯೊಂದನ್ನು ಗುಳಿಗಳ ಸಮೇತ ಕೊಂಡು ಆರು ವರ್ಷದಿಂದ ಓಡಿಸುತ್ತಿದ್ದಾರೆ. ಇನ್ನೊಂದು ಕಳ್ಳತನ. ಕಾರು ಕಳುವಾಗಿ ಕಂಪನಿ ದುಡ್ಡು ಕೊಟ್ಟ ಮೇಲೆ ಕಾರು ಸಿಕ್ಕರೆ ಎಷ್ಟೋ ರಾಜ್ಯಗಳಲ್ಲಿ ಅದೂ ಸಾಲ್ವೇಜ್ ಲೆಕ್ಕಕ್ಕೆ ಹೋಗುತ್ತದೆ. ಕಳ್ಳರು ಸುಮ್ನೆ ಓಡಿಸಿ ಬಿಟ್ಟಿದ್ದರೆ ಅದು ಒಳ್ಳೆಯ ಕಾರೇ ಆಗಿರಬಹುದು.

ಮೂರನೆಯದು ನೀರು. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಪೆಟ್ಟು ತಿಂದಿದ್ದೇನೆ.

2017ರ ಆಗಸ್ಟ್‌ನಲ್ಲಿ ಹಾರ್ವೀ ಚಂಡಮಾರುತ ಬಂದು ಹ್ಯೂಸ್ಟನ್ ಮುಳುಗಿತು. ಟೆಕ್ಸಾಸ್‌ನದೇ ನೆದರ್‌ಲ್ಯಾಂಡ್ ಎಂಬ ಊರಲ್ಲಿ ಕೆಲವೇ ದಿನಗಳಲ್ಲಿ 60 ಇಂಚಿಗೂ ಜಾಸ್ತಿ ಮಳೆ. ಲಕ್ಷಗಟ್ಟಲೆ ಕಾರುಗಳು ನೀರಿನಲ್ಲಿ ನಿಂತವು. ಮುಂದಿನ ವರ್ಷ ನಾನೊಂದು ಅಕಾರ್ಡ್ ಕೊಂಡೆ. ಟೈಟಲ್ ಕ್ಲೀನ್ ಇತ್ತು. ಕಾರೊಳಗೆ ಘಮ್ಮೆನ್ನುವ ಪರ್ಫ್ಯೂಮ್ ವಾಸನೆ. ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂದುಕೊಂಡೆ. ಎರಡನೇ ತಿಂಗಳಲ್ಲಿ ಹಿಂದಿನ ಕಿಟಕಿಯ ಸ್ವಿಚ್ ಕೈಕೊಟ್ಟಿತು. ಆಮೇಲೆ ಬ್ರೇಕಿನ ದೋಷ ತೋರಿಸುವ ಎಬಿಎಸ್ ದೀಪ. ಆಮೇಲೆ ಒಂದು ದಿನ ಇರ್ವಿಂಗ್‌ನಿಂದ ಮನೆಗೆ ಬರುವಾಗ ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲಾಯಿತು.

ಮೆಕ್ಯಾನಿಕ್ ಬಾನೆಟ್ ತೆಗೆಯಲೇ ಇಲ್ಲ. ಡ್ರೈವರ್ ಸೀಟಿನ ಬೆಲ್ಟನ್ನು ಹಿಡಿದು ಎಳೆದರು. ನಾವು ದಿನಾ ಎಳೆಯುವಷ್ಟಲ್ಲ, ಕೊನೆಯವರೆಗೆ, ಸುರುಳಿ ಮುಗಿದು ಟಕ್ ಎಂದು ನಿಲ್ಲುವವರೆಗೆ. ಒಳಗೆ ಸುತ್ತಿಕೊಂಡಿದ್ದ ಕೊನೆಯ ಒಂದು ಮೊಳ ಕಂದು ಬಣ್ಣಕ್ಕೆ ತಿರುಗಿತ್ತು. ಬೂದು ಪಟ್ಟಿಯ ಮೇಲೆ ನೀರು ನಿಂತ ಗೆರೆ ಅಷ್ಟು ಸ್ಪಷ್ಟ, ಚಹಾ ಲೋಟ ಇಟ್ಟ ಕಲೆಯ ಹಾಗೆ. ಬೆರಳಿಂದ ತಿಕ್ಕಿದರೆ ಸಣ್ಣ ಮರಳು ಉದುರಿತು. ಆಮೇಲೆ ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ತೆಗೆದರು. ಗುಂಡಿಯ ತಳದಲ್ಲಿ ಕೆರೆ ಬತ್ತಿದ ಮೇಲೆ ಬಿರಿಯುವ ಮಣ್ಣಿನ ಥರ ತೆಳ್ಳನೆ ಪದರ ಒಣಗಿ ನಿಂತಿತ್ತು. ಮಾರುವವರು ಇಡೀ ಕಾರು ತೊಳೆದಿದ್ದರು, ಆ ಎರಡು ಜಾಗ ಬಿಟ್ಟು.

ನೀರು ಹೊಕ್ಕ ಕಾರಿನ ಕಷ್ಟವೇ ಇದು. ಎಂಜಿನ್ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಎಲ್ಲ ಸರಿಯಾಗಿಯೇ ಇರುತ್ತದೆ. ಈಗಿನ ಕಾರಿನಲ್ಲಿ ಕಾರ್ಪೆಟ್ಟಿನ ಕೆಳಗೆ, ಸೀಟಿನ ಕೆಳಗೆ ಎಲ್ಲ ಕಡೆ ವೈರು, ಕನೆಕ್ಟರು, ಸಣ್ಣ ಸಣ್ಣ ಕಂಪ್ಯೂಟರು. ತಾಮ್ರದ ಪಿನ್ನುಗಳಿಗೆ ಹಸಿರು ಕಿಲುಬು ಹತ್ತಲು ತಿಂಗಳುಗಳು ಬೇಕು. ಸಮುದ್ರದ ಉಪ್ಪುನೀರಾದರೆ ಇನ್ನೂ ಬೇಗ. ಒಂದು ಸರಿಮಾಡಿದರೆ ಇನ್ನೊಂದು ಹಾಳಾಗುತ್ತದೆ, ಕೊನೆ ಅನ್ನುವುದೇ ಇಲ್ಲ. ಅದಕ್ಕೇ ಫ್ಲಡ್ ಎಂದು ಗೊತ್ತಾದ ಕಾರನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಎನ್ನುತ್ತೇನೆ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಹಾಗಾದರೆ ಆ ಅಕಾರ್ಡಿನ ಟೈಟಲ್ ಹೇಗೆ ಕ್ಲೀನ್ ಆಗಿತ್ತು? ಒಂದೋ ಅದರ ಮೇಲೆ ಕ್ಲೇಮೇ ಆಗಿರಲಿಲ್ಲ, ಇಲ್ಲವೇ ಟೈಟಲನ್ನು ತೊಳೆದಿದ್ದರು. ಟೈಟಲ್ ವಾಷಿಂಗ್ ಎಂದೇ ಇದಕ್ಕೆ ಹೆಸರು. ಒಂದು ರಾಜ್ಯದಲ್ಲಿ ಮುದ್ರೆ ಬಿದ್ದ ಕಾರನ್ನು ನಿಯಮ ಸಡಿಲವಿರುವ ಇನ್ನೊಂದು ರಾಜ್ಯಕ್ಕೆ ಒಯ್ದು ಅಲ್ಲಿ ಹೊಸ ಟೈಟಲ್ ಮಾಡಿಸುವುದು. ಎರಡು ಮೂರು ರಾಜ್ಯ ಸುತ್ತಿ ಬರುವಷ್ಟರಲ್ಲಿ ಮುದ್ರೆ ಮಾಯವಾಗಿರುತ್ತದೆ.

ನಾಲ್ಕನೆಯದು, ಹೆಚ್ಚು ಕಾಣುವುದು, ಡಿಕ್ಕಿ ಹೊಡೆದ ಕಾರು. ಇದರಲ್ಲಿ ಒಳ್ಳೆಯದೂ ಇರುತ್ತದೆ, ಪ್ರಾಣಕ್ಕೇ ಅಪಾಯ ತರುವುದೂ ಇರುತ್ತದೆ. ಬಾಗಿಲು, ಫೆಂಡರ್ (ಚಕ್ರದ ಮೇಲಿನ ತಗಡು), ಬಂಪರ್ ಬೋಲ್ಟ್ ಬಿಚ್ಚಿ ಹಾಕುವಂಥವು, ಅವು ಹೋದರೆ ಚಿಂತೆಯಿಲ್ಲ. ಆದರೆ ಈಗಿನ ಕಾರುಗಳಿಗೆ ಲಾರಿಯ ಹಾಗೆ ಬೇರೆ ಚಾಸಿ ಇರುವುದಿಲ್ಲ. ಮೈಯೇ ಚೌಕಟ್ಟು. ಮುಂಭಾಗದ ಉಕ್ಕಿನ ತೊಲೆಗಳನ್ನು ಗುದ್ದಿದಾಗ ಮಡಚಿಕೊಂಡು ಪೆಟ್ಟನ್ನು ನುಂಗುವ ಹಾಗೆ ಮಾಡಿರುತ್ತಾರೆ. ಒಮ್ಮೆ ಮಡಚಿದ ತೊಲೆಯನ್ನು ಎಳೆದು ನೆಟ್ಟಗೆ ಮಾಡಿ ಬಣ್ಣ ಬಳಿದರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಮುಂದಿನ ಸಲ ಗುದ್ದಿದಾಗ ಅದು ಹೇಗೆ ಮಡಚಿಕೊಳ್ಳುತ್ತದೆ ಅಂತ ಯಾರೂ ಹೇಳಲಾರರು. ಇಲ್ಲಿನ ಹೆದ್ದಾರಿಯಲ್ಲಿ ನಾವು ಓಡಿಸುವುದು ಗಂಟೆಗೆ 70 ಮೈಲಿ, ಅಂದರೆ 110 ಕಿಲೋಮೀಟರಿಗೂ ಮೇಲೆ.

ಇನ್ನು ಏರ್‌ಬ್ಯಾಗ್. ಒಂದು ಸಲ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮತ್ತೆ ಮಡಚಿ ಇಡಲು ಬರುವುದಿಲ್ಲ, ಹೊಸದೇ ಹಾಕಬೇಕು. ಕಂಪನಿಯ ಅಸಲಿ ಏರ್‌ಬ್ಯಾಗ್ ಬಹಳ ದುಬಾರಿ. ಹಾಗಾಗಿ ರಿಪೇರಿಯವರು ದುಡ್ಡು ಉಳಿಸಲು ಕೈಹಾಕುವುದು ಇಲ್ಲೇ. ಕೆಲವರು ಎಲ್ಲಿಂದಲೋ ತರಿಸಿದ ಅಗ್ಗದ ನಕಲಿ ಹಾಕುತ್ತಾರೆ. ಕೆಲವರು ಏನೂ ಹಾಕದೆ ಮೇಲಿನ ಮುಚ್ಚಳ ಮಾತ್ರ ಕೂರಿಸುತ್ತಾರೆ. 2024ರ ಜುಲೈನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಹಿಂದಿನ ಒಂಬತ್ತು ತಿಂಗಳಲ್ಲಿ ಐದು ಪ್ರಕರಣ, ಮೂರು ಸಾವು, ಇಬ್ಬರಿಗೆ ಘೋರ ಗಾಯ. ಬದಲಾಗಿ ಹಾಕಿದ್ದ ಕಳಪೆ ಇನ್‌ಫ್ಲೇಟರ್‌ಗಳು, ಅಂದರೆ ಏರ್‌ಬ್ಯಾಗನ್ನು ಉಬ್ಬಿಸುವ ಭಾಗಗಳು, ಸಿಡಿದು ಲೋಹದ ಚೂರುಗಳು ಡ್ರೈವರ್‌ಗಳ ಎದೆಗೆ, ಕುತ್ತಿಗೆಗೆ, ಮುಖಕ್ಕೆ ಹೊಕ್ಕಿದ್ದವು. ಬದುಕಿ ಉಳಿಯಬಹುದಾಗಿದ್ದ ಅಪಘಾತದಲ್ಲಿ ಕಾಪಾಡಬೇಕಾದ ವಸ್ತುವೇ ಕೊಂದಿತ್ತು.

ಇಷ್ಟೆಲ್ಲ ಹೇಳಿ ಹುಡುಗನಿಗೆ "ಮೊದಲು ವಿನ್ ನಂಬರ್ ಕಳಿಸು" ಎಂದೆ. ವಿನ್ ಅಂದರೆ ಕಾರಿನ 17 ಅಕ್ಷರ-ಅಂಕಿಗಳ ಗುರುತು. 1981ರಿಂದ ಇಲ್ಲಿನ ಎಲ್ಲ ಕಾರುಗಳಿಗೂ ಇದೇ ಪದ್ಧತಿ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಇರುವುದಿಲ್ಲ, ಒಂದು, ಸೊನ್ನೆಗಳ ಜೊತೆ ಗೊಂದಲ ಆಗದಿರಲಿ ಎಂದು. ಮುಂದಿನ ಗಾಜಿನ ಕೆಳಗೆ ಡ್ಯಾಶ್‌ಬೋರ್ಡಿನ ಎಡಮೂಲೆಯಲ್ಲಿ ಇರುತ್ತದೆ, ಡ್ರೈವರ್ ಬಾಗಿಲಿನ ಕಂಬದ ಮೇಲೂ ಇರುತ್ತದೆ. ಎರಡೂ ಒಂದೇ ಇರಬೇಕು, ಟೈಟಲ್‌ನಲ್ಲಿರುವುದಕ್ಕೂ ಹೊಂದಬೇಕು. ವಿನ್ ಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ಮುಂದಿನ ಮಾತೇ ಬೇಡ.

ವಿನ್ ಸಿಕ್ಕಿದರೆ ಮನೆಯಲ್ಲಿ ಕೂತೇ ಬಹಳಷ್ಟು ತಿಳಿಯಬಹುದು. ಇನ್ಶೂರೆನ್ಸ್ ಕಂಪನಿಗಳು ಸೇರಿ ನಡೆಸುವ ಎನ್‌ಐಸಿಬಿ ಎಂಬ ಸಂಸ್ಥೆಯ ವಿನ್‌ಚೆಕ್ ಪುಕ್ಕಟೆ. ಕಳುವಾದದ್ದೋ, ಸಾಲ್ವೇಜ್ ಎಂದು ದಾಖಲಾಗಿದೆಯೋ ಎಂದು ಅದು ಹೇಳುತ್ತದೆ. ಅದಕ್ಕಿಂತ ಗಟ್ಟಿಯಾದದ್ದು ಎನ್‌ಎಂವಿಟಿಐಎಸ್, ಕೇಂದ್ರದ ನ್ಯಾಯ ಇಲಾಖೆಯ ಕೆಳಗಿರುವ ಟೈಟಲ್ ದಾಖಲೆಗಳ ಭಂಡಾರ. 2009ರಿಂದ ಇನ್ಶೂರೆನ್ಸ್ ಕಂಪನಿಗಳು, ಗುಜರಿಯವರು, ಸಾಲ್ವೇಜ್ ಹರಾಜಿನವರು ಇದಕ್ಕೆ ವರದಿ ಕೊಡಲೇಬೇಕು. ಸ್ವಲ್ಪವೇ ದುಡ್ಡಿಗೆ ವರದಿ ಸಿಗುತ್ತದೆ. ಯಾವ ಯಾವ ರಾಜ್ಯದಲ್ಲಿ ಟೈಟಲ್ ಆಗಿತ್ತು, ಎಲ್ಲಿ ಯಾವ ಮುದ್ರೆ ಬಿತ್ತು ಎಂದು ಅದರಲ್ಲಿ ಇರುತ್ತದೆ. ಟೈಟಲ್ ತೊಳೆದಿದ್ದರೆ ಹಿಡಿಯುವ ಅವಕಾಶ ಇಲ್ಲೇ ಜಾಸ್ತಿ. ರಿಪೇರಿಯ ವಿವರ ಮಾತ್ರ ಅದರಲ್ಲಿ ಸಿಗುವುದಿಲ್ಲ. ಕಾರ್‌ಫ್ಯಾಕ್ಸ್, ಆಟೋಚೆಕ್ ವರದಿಗಳಿಗೆ ದುಡ್ಡು ಜಾಸ್ತಿ, ಆದರೆ ಸರ್ವಿಸ್, ಅಪಘಾತದ ವಿವರಗಳು ಅವುಗಳಲ್ಲಿ ಒಂದಿಷ್ಟು ಬರುತ್ತವೆ.

ಎಲ್ಲಕ್ಕಿಂತ ಉಪಯೋಗದ್ದು ಇನ್ನೊಂದಿದೆ. ಆ 17 ಅಕ್ಷರಗಳನ್ನು ಸುಮ್ನೆ ಇಂಟರ್‌ನೆಟ್‌ನಲ್ಲಿ ಹುಡುಕಿ. ಸಾಲ್ವೇಜ್ ಹರಾಜಿಗೆ ಹೋದ ಕಾರಿನ ಫೋಟೋಗಳು ಬಹಳ ಸಲ ಅಲ್ಲಿ ಇಲ್ಲಿ ಉಳಿದಿರುತ್ತವೆ. ರಿಪೇರಿಗೆ ಮುಂಚಿನ ಫೋಟೋ! ಮಾರುವವರ ಬಾಯಿಮಾತಿಗಿಂತ, ಯಾವ ವರದಿಗಿಂತಲೂ ಅದೇ ದೊಡ್ಡ ಸಾಕ್ಷಿ.

ಕೊರೊಲಾದ ಫೋಟೋಗಳೂ ಸಿಕ್ಕವು. ಹತ್ತು ಚಿತ್ರ. ಬಾನೆಟ್ ಮಧ್ಯಕ್ಕೆ ಮಡಚಿ ಗುಡಾರದ ಹಾಗೆ ಎದ್ದಿತ್ತು. ಎಡಗಡೆಯ ಚಕ್ರ ಹಿಂದಕ್ಕೆ ಸರಿದು ಬಾಗಿಲಿಗೆ ತಾಗಿತ್ತು. ಒಳಗಿನ ಚಿತ್ರದಲ್ಲಿ ಸ್ಟಿಯರಿಂಗ್‌ನಿಂದ ಒಂದು, ಪಕ್ಕದ ಸೀಟಿನ ಎದುರು ಒಂದು, ಎರಡು ಬಿಳಿ ಏರ್‌ಬ್ಯಾಗ್‌ಗಳು ಜೋತುಬಿದ್ದಿದ್ದವು. ಮಾರುವವರು ಅವನಿಗೆ ಹೇಳಿದ್ದು "ಬಂಪರ್, ಹೆಡ್‌ಲೈಟ್ ಅಷ್ಟೇ" ಎಂದು.

ಆದರೂ ಹೋಗಿ ನೋಡೋಣ ಅಂದ. ಮನಸ್ಸಾಗಿಬಿಟ್ಟಿತ್ತು ಅವನಿಗೆ. ಹೋದೆವು. ಬಣ್ಣ ಚೆನ್ನಾಗಿಯೇ ಇತ್ತು. ಆದರೆ ಬಾನೆಟ್ ಮತ್ತು ಫೆಂಡರ್ ನಡುವಿನ ಸಂದು ಬಲಕ್ಕೆ ಒಂದು ನಾಣ್ಯ ತೂರುವಷ್ಟು, ಎಡಕ್ಕೆ ಎರಡು ನಾಣ್ಯ ತೂರುವಷ್ಟು. ಏರ್‌ಬ್ಯಾಗ್, ತೊಲೆ ಇವುಗಳ ಬಿಲ್ ಇದೆಯಾ ಎಂದು ಕೇಳಿದೆ. "ಫ್ರೆಂಡ್ ಮಾಡಿಕೊಟ್ಟಿದ್ದು" ಎಂದರು. ಆಮೇಲೆ ಹುಡುಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸು ಎಂದೆ. ಸರಿಯಾಗಿರುವ ಕಾರಿನಲ್ಲಿ ಆಗ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳು ಹೊತ್ತಿಕೊಳ್ಳುತ್ತವೆ. ಅದರಲ್ಲಿ ಏರ್‌ಬ್ಯಾಗಿನದೂ ಒಂದು. ಕೂತ ಮನುಷ್ಯನ ಎದುರು ಒಂದು ಗುಂಡು ಚೆಂಡಿರುವ ಚಿತ್ರ. ಕೆಲವು ಸೆಕೆಂಡು ಹೊತ್ತಿ ಆರಿದರೆ ಸರಿ. ಆರದೇ ಉಳಿದರೆ ಏನೋ ದೋಷವಿದೆ. ಹೊತ್ತಿಕೊಳ್ಳಲೇ ಇಲ್ಲ ಅಂದರೆ ಆ ದೀಪವನ್ನೇ ಯಾರೋ ಸಾಯಿಸಿದ್ದಾರೆ. ಎಂಜಿನ್ ದೀಪ ಬಂತು, ಬ್ಯಾಟರಿ ದೀಪ ಬಂತು, ಎಬಿಎಸ್ ಬಂತು. ಆ ಮನುಷ್ಯನ ಚಿತ್ರ ಬರಲಿಲ್ಲ. ಮೂರು ಸಲ ತಿರುಗಿಸಿ ನೋಡಿದೆವು.

ಹುಡುಗ ಮೆಲ್ಲಗೆ ಇಳಿದು ಕೀ ವಾಪಸ್ ಕೊಟ್ಟ.

ದೀಪ ಸರಿಯಾಗಿ ಹೊತ್ತಿ ಆರಿದರೂ ಅಷ್ಟಕ್ಕೇ ನಂಬಬಾರದು. ಏರ್‌ಬ್ಯಾಗ್ ಇಲ್ಲದಿದ್ದರೂ ಒಂದು ಸಣ್ಣ ರೆಸಿಸ್ಟರ್ ಸಿಕ್ಕಿಸಿ ಕಂಪ್ಯೂಟರಿಗೆ ಮೋಸ ಮಾಡುವವರಿದ್ದಾರೆ. ಅದಕ್ಕೇ ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಹತ್ತಿರ ಒಮ್ಮೆ ತೋರಿಸಬೇಕು. 100ರಿಂದ 250 ಡಾಲರ್ ಆಗಬಹುದು. ಸಾಲ್ವೇಜ್ ಕಾರಾದರೆ ಬಾಡಿ ಕೆಲಸ ಬಲ್ಲವರನ್ನೇ ಹಿಡಿಯಿರಿ. ಲಿಫ್ಟ್ ಮೇಲೆ ಎತ್ತಿ ತೊಲೆಗಳ ಬೆಸುಗೆ ನೋಡಲಿ, ಬಣ್ಣದ ದಪ್ಪ ಅಳೆಯಲಿ. ಈಗಿನ ಕಾರುಗಳಲ್ಲಿ ಇನ್ನೊಂದು ವಿಷಯವಿದೆ. ಆ 2018ರ ಕೊರೊಲಾದಲ್ಲೇ ಮುಂದಿನ ಲಾಂಛನದ ಹಿಂದೆ ರೇಡಾರ್, ಗಾಜಿನ ಮೇಲ್ಭಾಗದಲ್ಲಿ ಕ್ಯಾಮೆರಾ ಇರುತ್ತವೆ. ಎದುರಿನ ಕಾರು ಹತ್ತಿರ ಬಂದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಅವುಗಳಿಂದಲೇ ನಡೆಯುವುದು. ಮುಂಭಾಗ ರಿಪೇರಿ ಆದಮೇಲೆ ಅವನ್ನು ಮತ್ತೆ ಅಳತೆಗೆ ಕೂರಿಸಬೇಕು. ಅಗ್ಗದ ರಿಪೇರಿಯಲ್ಲಿ ಇದನ್ನು ಯಾರೂ ಮಾಡಿಸಿರುವುದಿಲ್ಲ. ತೋರಿಸಲು ಒಪ್ಪದವರ ಹತ್ತಿರ ಕೊಳ್ಳಲೇಬಾರದು.

ಟೈಟಲ್‌ನಲ್ಲಿರುವ ಹೆಸರು, ಮಾರುವವರ ಡ್ರೈವಿಂಗ್ ಲೈಸೆನ್ಸಿನ ಹೆಸರು ಎರಡೂ ಒಂದೇ ಇದೆಯಾ ನೋಡಿ. "ನಮ್ಮ ಕಸಿನ್ ಹೆಸರಲ್ಲಿದೆ" ಅಂದರೆ ಅಲ್ಲಿಗೇ ನಿಲ್ಲಿಸಿ. ಲೈಸೆನ್ಸಿಲ್ಲದೆ ಕಾರು ವ್ಯಾಪಾರ ಮಾಡುವವರ ಮಾತು ಅದು. ಟೆಕ್ಸಾಸ್‌ನಲ್ಲಾದರೆ ಮಾರುವವರನ್ನು ಕರೆದುಕೊಂಡು ಕೌಂಟಿ ತೆರಿಗೆ ಕಚೇರಿಗೆ ಹೋಗಿ ಅಲ್ಲೇ ಟೈಟಲ್ ವರ್ಗಾಯಿಸಿಕೊಳ್ಳುವುದು ಕ್ಷೇಮ.

ಇನ್ನು ದುಡ್ಡಿನ ಮಾತು. ಸಾಲ್ವೇಜ್ ಇತಿಹಾಸದ ಕಾರು ಸಾಮಾನ್ಯವಾಗಿ ಶೇ. 20ರಿಂದ 40ರಷ್ಟು ಕಡಿಮೆಗೆ ಹೋಗುತ್ತದೆ. ಕೊಳ್ಳುವಾಗ ಇದು ಲಾಭದ ಹಾಗೆ ಕಾಣುತ್ತದೆ. ಮಾರುವಾಗ ನೀವೂ ಅಷ್ಟೇ ಕಡಿಮೆಗೆ ಮಾರಬೇಕು. ಅದಕ್ಕಿಂತ ಕಷ್ಟ ಎಂದರೆ ಗಿರಾಕಿಗಳೇ ಕಮ್ಮಿ. ಎಷ್ಟೋ ಡೀಲರ್‌ಗಳು ಎಕ್ಸ್‌ಚೇಂಜ್‌ಗೆ ತಗೊಳ್ಳುವುದಿಲ್ಲ. ಕೆಲಸ ಸಿಕ್ಕಿ ಬೇರೆ ರಾಜ್ಯಕ್ಕೆ ಎರಡು ವಾರದಲ್ಲಿ ಹೊರಡಬೇಕಾದ ವಿದ್ಯಾರ್ಥಿಗೆ ಇದು ದೊಡ್ಡ ತಲೆನೋವು. ಬ್ಯಾಂಕುಗಳು ಇಂಥ ಕಾರಿಗೆ ಸಾಲ ಕೊಡುವುದು ಅಪರೂಪ. ಕಾರು ತಯಾರಿಸಿದ ಕಂಪನಿಯ ವಾರಂಟಿ ಉಳಿದಿರುತ್ತದೆ ಎಂದು ಲೆಕ್ಕ ಹಾಕಬೇಡಿ. ಟೆಸ್ಲಾ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಸಾಲ್ವೇಜ್ ಆದ ಟೆಸ್ಲಾಗಳಿಗೆ ಕಂಪನಿ ತನ್ನ ಫಾಸ್ಟ್ ಚಾರ್ಜಿಂಗನ್ನೇ ನಿಲ್ಲಿಸಬಹುದು.

ಇನ್ಶೂರೆನ್ಸ್ ಬಗ್ಗೆ ಕೊಳ್ಳುವ ಮುಂಚೆಯೇ ಫೋನ್ ಮಾಡಿ ಕೇಳಿ, ಕೊಂಡ ಮೇಲಲ್ಲ. ಬೇರೆಯವರಿಗೆ ಆದ ನಷ್ಟ ತುಂಬುವ ಲಯಬಿಲಿಟಿ ಕಾನೂನಿನ ಪ್ರಕಾರ ಬೇಕೇ ಬೇಕು, ನಮ್ಮೂರಿನ ಥರ್ಡ್ ಪಾರ್ಟಿ ಇದ್ದಂತೆ. ಅದು ರೀಬಿಲ್ಟ್ ಕಾರಿಗೂ ಸಿಗುತ್ತದೆ. ನಿಮ್ಮ ಕಾರಿಗೆ ಆದ ನಷ್ಟ ತುಂಬುವ ಕಾಲಿಷನ್, ಕಾಂಪ್ರಹೆನ್ಸಿವ್ ಪಾಲಿಸಿಗಳನ್ನು ಎಷ್ಟೋ ಕಂಪನಿಗಳು ಕೊಡುವುದಿಲ್ಲ. ಕೊಟ್ಟರೂ ಕ್ಲೇಮ್ ಹೊತ್ತಿಗೆ ಸಾಲ್ವೇಜ್ ಇತಿಹಾಸದ ಕಾರಿನ ಕಡಿಮೆ ಬೆಲೆಯನ್ನೇ ಹಿಡಿಯುತ್ತವೆ. ಆ ಪಾಲಿಸಿ ಇಲ್ಲದಿದ್ದರೆ ನಾಳೆ ನಿಮ್ಮ ತಪ್ಪಿನಿಂದಲೇ ಗುದ್ದಿದಾಗ ಎಂಟೂವರೆ ಸಾವಿರವೂ ಪೂರ್ತಿ ಹೋಯಿತು.

ಹಾಗಾದರೆ ಯಾರೂ ಕೊಳ್ಳಲೇಬಾರದಾ? ಹಾಗೇನಿಲ್ಲ. ಆಲಿಕಲ್ಲಿನದೋ, ಕಳುವಾಗಿ ಸಿಕ್ಕಿದ್ದೋ, ಹಿಂದಿನ ಬಾಗಿಲಿಗಷ್ಟೇ ಪೆಟ್ಟಾದದ್ದೋ ಇರಬೇಕು. ಮುಂಚಿನ ಫೋಟೋ, ರಿಪೇರಿ ಬಿಲ್ಲು ಎರಡೂ ಕೈಗೆ ಸಿಗಬೇಕು. ಮೆಕ್ಯಾನಿಕ್ ಸರಿ ಎನ್ನಬೇಕು. ನಗದು ಕೊಟ್ಟು ಕೊಂಡು, ಕಾರು ಕೆಟ್ಟು ಕೂರುವವರೆಗೆ ತಾವೇ ಓಡಿಸುವ ಯೋಚನೆ ಇರಬೇಕು. ಇಷ್ಟೂ ಕೂಡಿದರೆ ನಾನೇ ಕೊಂಡುಕೊಳ್ಳಿ ಎನ್ನುತ್ತೇನೆ. ವಿದ್ಯಾರ್ಥಿಗಳಿಗೆ ಮಾತ್ರ ನನ್ನ ಸಲಹೆ ಬೇರೆ. ಅದೇ ದುಡ್ಡಿಗೆ ಆ ಕಾರಿಗಿಂತ ನಾಲ್ಕೈದು ವರ್ಷ ಹೆಚ್ಚು ಹಳೆಯ, ಜಾಸ್ತಿ ಓಡಿರುವ, ಟೈಟಲ್ ಕ್ಲೀನ್ ಇರುವ ಹೋಂಡಾ ಅಥವಾ ಟೊಯೋಟಾ ಸಿಗುತ್ತದೆ. ನೋಡಲು ಅಷ್ಟು ಚೆಂದ ಇರುವುದಿಲ್ಲ, ನಿಜ. ಓಡಾಟ ಜಾಸ್ತಿ ಆಗಿದ್ದರೆ ಏನೇನು ಸವೆಯುತ್ತದೆ ಎಂದು ಯಾವ ಮೆಕ್ಯಾನಿಕ್ಕಿಗಾದರೂ ಗೊತ್ತು.

ಊರಲ್ಲಿರುವವರಿಗೂ ಒಂದು ಮಾತು. ಭಾರತದ ಆರ್‌ಸಿಯಲ್ಲಿ ಸಾಲ್ವೇಜ್ ಎಂಬ ಮುದ್ರೆಯೇ ಇಲ್ಲ. ರಿಪೇರಿ ಖರ್ಚು ಕಾರಿನ ಐಡಿವಿಯ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆಯ, ಶೇ. 75 ದಾಟಿದರೆ ಟೋಟಲ್ ಲಾಸ್ ಎಂದು ಅಲ್ಲಿಯೂ ಕ್ಲೇಮ್ ಆಗುತ್ತದೆ. ಆದರೆ ಆ ಕಾರು ರಿಪೇರಿ ಆಗಿ ಅದೇ ಆರ್‌ಸಿಯಲ್ಲಿ ಮತ್ತೆ ಮಾರುಕಟ್ಟೆಗೆ ಬಂದರೆ ಕೊಳ್ಳುವವರಿಗೆ ತಿಳಿಯುವುದು ಕಷ್ಟ. ಸರ್ಕಾರದ 'ವಾಹನ್' ಆನ್‌ಲೈನ್ ದಾಖಲೆಯಲ್ಲಿ ಎಷ್ಟನೇ ಮಾಲೀಕರು, ಸಾಲ ಇದೆಯಾ, ಇನ್ಶೂರೆನ್ಸ್ ಎಲ್ಲಿಯವರೆಗೆ ಎಂದು ಕಾಣುತ್ತದೆ, ಮುಳುಗಿದ್ದು ಕಾಣುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಮನೆಗಳ ಮುಂದೆ, ಬೇಸ್‌ಮೆಂಟ್‌ಗಳಲ್ಲಿ ಎಷ್ಟು ಕಾರು ನೀರಲ್ಲಿ ನಿಂತಿದ್ದವು ಎಂದು ಟಿವಿಯಲ್ಲಿ ನೋಡಿದ್ದೀರಿ. ಅಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಿಂದಿನ ವರ್ಷಗಳ ಪಾಲಿಸಿ ಪ್ರತಿ ಕೇಳಿ ನೋ ಕ್ಲೇಮ್ ಬೋನಸ್ ಇದ್ದಕ್ಕಿದ್ದಂತೆ ಸೊನ್ನೆಗೆ ಇಳಿದಿದೆಯಾ ನೋಡಿ. ಇಳಿದಿದ್ದರೆ ಯಾವುದೋ ಕ್ಲೇಮ್ ಆಗಿರಬಹುದು, ಏನದು ಎಂದು ಕೇಳಿ. ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆಯನ್ನೂ ತೆಗೆಸಿ. ಬೆಲ್ಟ್ ಮತ್ತು ಸ್ಟೆಪ್ನಿ ಗುಂಡಿ ನೋಡುವುದು ಎಲ್ಲಾದರೂ ಒಂದೇ.

ಆ ಹುಡುಗ ಇನ್ನೂ ಆರು ವಾರ ಸ್ನೇಹಿತರ ಕಾರಿನಲ್ಲಿ, ಬಸ್ಸಿನಲ್ಲಿ ಓಡಾಡಿದ. ಆಮೇಲೆ ಒಂದು ಸಂಜೆ ಮತ್ತೆ ಫೋನ್ ಬಂತು. 2013ರ ಸಿವಿಕ್ ಅಂತೆ, 1 ಲಕ್ಷ 20 ಸಾವಿರ ಮೈಲಿ ಓಡಿದೆ, ಬಣ್ಣ ಮಾಸಿದೆ, 7,800 ಡಾಲರ್. ವರದಿ ತೆಗೆಸಿದ್ದ, ಮೆಕ್ಯಾನಿಕ್ಕಿಗೂ ತೋರಿಸಿದ್ದ. ಹಿಂದೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು.

"ಬೆಲ್ಟು ನಾಲ್ಕೂ ಕೊನೇವರೆಗೂ ಎಳೆದು ನೋಡಿದೆ ಅಣ್ಣಾ. ಹಿಂದಿನ ಸೀಟಿಂದೂ. ಕ್ಲೀನಾಗಿವೆ."